ಮಾಮನ ಪಾಲು

"ಮತ್ತ ಬಂದ್ರೇನ್ರಿ ಕೊರಗಪ್ಪಣ್ಣಾರ? ಫ್ರಿಜ್ಜಿನ್ಯಾಗ ಏನ್ ಕೋಳಿ ಕಾವಿಗೆ ಕುಂತೈತೇನ್ರಿ, ಗಳಿಗಿಗೊಮ್ಮಿ ತಗದ ನೋಡಾಕ?"

ರುಬ್ಬುವ ಯಂತ್ರದ ಪಕ್ಕ ನಿಂತಿದ್ದ ಖಂಡಪ್ಪ ಅಷ್ಟು ದೊಡ್ಡ ದನಿಯಲ್ಲಿ ಕೇಳಿದ್ದಕ್ಕೆ ಇಡೀ ಅಡುಗೆಮನೆ ನಕ್ಕಿತು. ಬೆಳಗಿನ ಇಡ್ಲಿ-ವಡೆಯ ಗಲಾಟೆ ಮುಗಿದು, ಗ್ರಾಂಟ್ ರೋಡಿನ ಆ ಹೋಟೆಲು ಮಧ್ಯಾಹ್ನದ ಊಟಕ್ಕೆ ಮೊದಲು ಒಂದಿಷ್ಟು ಉಸಿರಾಡುತ್ತಿದ್ದ ಹೊತ್ತು ಅದು. ಗಲ್ಲಾದಲ್ಲಿ ಕೂರುವ ಮನುಷ್ಯನಿಗೆ ಅಡುಗೆಮನೆಯಲ್ಲಿ ಏನು ಕೆಲಸ ಹೇಳಿ? ಎಡಗಾಲು ಎಳೆದುಕೊಂಡೇ ನಡೆಯಬೇಕಾದ ಕೊರಗಪ್ಪ ಕೂತ ಕುರ್ಚಿ ಬಿಟ್ಟು ಏಳುವುದೇ ಅಪರೂಪ. ಅಂಥವನು ಈ ವಾರವಿಡೀ ಒಳಗೂ ಹೊರಗೂ ಓಡಾಡುವುದನ್ನು ನೋಡಿ ಸಪ್ಲೈಯರುಗಳೆಲ್ಲ ಕಣ್ಣು ಮಿಟುಕಿಸಲು ಶುರುಮಾಡಿದ್ದರು.

"ನಿನ್ನ ಕೆಲಸ ನೀನು ನೋಡು ಮಾರಾಯ. ಹಿಟ್ಟು ಹೊರಗೆ ಬರ್ತಾ ಉಂಟು," ಎಂದು ಕೊರಗಪ್ಪ ಫ್ರಿಜ್ಜಿನ ಬಾಗಿಲು ಮುಚ್ಚಿದ.

ಅವನು ನೋಡಲು ಬಂದದ್ದು ಅಲ್ಲಿಯೇ ಇತ್ತು. ಬೆಣ್ಣೆಯ ಹಿಂದೆ ಒಂದು ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಒಂದು ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಎರಡು ಪುಟ್ಟ ಬಾಟಲಿ. ಒಂದರಲ್ಲಿ ಬಿಳಿ ಪುಡಿ, ಇನ್ನೊಂದರಲ್ಲಿ ನೀರು. ಎರಡನ್ನೂ ಬೆರೆಸಿ ನರಕ್ಕೆ ಚುಚ್ಚಿದರೆ ಸೋರುವ ರಕ್ತ ನಿಲ್ಲುತ್ತದೆ. ಆಸ್ಪತ್ರೆಯವರು ಅದನ್ನು ಫ್ಯಾಕ್ಟರ್ ಎನ್ನುತ್ತಾರೆ, ಕೊರಗಪ್ಪನ ಮನೆಯಲ್ಲೂ ಅದೇ ಹೆಸರು. ಅವನಿಗೆ ಹುಟ್ಟಿನಿಂದ ಹಿಮೋಫಿಲಿಯಾ. ಬೇರೆಯವರ ರಕ್ತ ತಾನಾಗಿ ಹೆಪ್ಪುಗಟ್ಟುತ್ತದೆ, ಇವನದು ಹೆಪ್ಪುಗಟ್ಟುವುದಿಲ್ಲ. ಗಾಯವೇ ಆಗಬೇಕೆಂದಿಲ್ಲ, ನಾಲ್ಕು ಮೆಟ್ಟಿಲು ಹೆಚ್ಚು ಹತ್ತಿದರೂ ಸಾಕು, ಮೊಣಕಾಲಿನ ಒಳಗೇ ರಕ್ತ ಸೋರಿ ಕಾಲು ಕುಂಬಳಕಾಯಿಯಾಗುತ್ತದೆ. ಹಾಗೆ ಊದಿ ಊದಿ ಎಡ ಮೊಣಕಾಲು ಈಗ ಪೂರ್ತಿ ಮಡಚುವುದೂ ಇಲ್ಲ, ನೆಟ್ಟಗಾಗುವುದೂ ಇಲ್ಲ.

ಹೆಂಗಸರಲ್ಲಿ ಹೆಚ್ಚಾಗಿ ಸದ್ದಿಲ್ಲದೆ ಇದ್ದು ಅವರ ಗಂಡುಮಕ್ಕಳಲ್ಲಿ ಎದ್ದು ಕೂರುವ ರೋಗ ಇದು. ಅಮ್ಮನಿಂದ ಕೊರಗಪ್ಪನಿಗೆ ಬಂತು, ತಂಗಿ ವಿನೋದಿನಿಯ ಮೂಲಕ ಅವಳ ಒಬ್ಬನೇ ಮಗ ಪ್ರೀತಮನಿಗೂ ಬಂತು. ಅವರ ತುಳುನಾಡಿನಲ್ಲಿ ಮಾವನ ಆಸ್ತಿ ಸೋದರಳಿಯನಿಗೆ ಸೇರುವುದು ಹಿಂದಿನವರ ಕ್ರಮ. ಆದರೆ ಕೊರಗಪ್ಪನಿಗೆ ಆಸ್ತಿ ಎಲ್ಲಿಂದ ಬರಬೇಕು? ಮದುವೆಯೂ ಆಗದೆ, ಗಂಡ ತೀರಿಕೊಂಡ ತಂಗಿಯ ಜೊತೆ ಜೋಗೇಶ್ವರಿಯ ಚಾಳಿನಲ್ಲಿ ದಿನ ಕಳೆಯುವವನು. ಅವನ ಪಾಲಿಗೆ ಅಂತ ಇದ್ದದ್ದು ಫ್ಯಾಕ್ಟರ್ ಒಂದೇ. ಕಾಲು ಊದಿದಾಗ ಸರಕಾರಿ ಆಸ್ಪತ್ರೆಯಲ್ಲಿ ಮನೆಗೆಂದು ಕೊಡುವ ಪೆಟ್ಟಿಗೆಯನ್ನು ಅವನು ಚುಚ್ಚಿಕೊಳ್ಳದೆ, ಪ್ರೀತಮನ ಕಣ್ಣಿಗೆ ಬೀಳದಿರಲೆಂದು ಹೋಟೆಲಿಗೆ ತಂದು ಬೆಣ್ಣೆಯ ಹಿಂದೆ ಇಡುತ್ತಿದ್ದ. ಆಸ್ಪತ್ರೆಯಲ್ಲಿ ಸ್ಟಾಕ್ ಇಲ್ಲ ಎಂದ ದಿನ ಪ್ರೀತಮನ ಮೊಣಕೈ ಊದಿದರೆ ಆ ಪೆಟ್ಟಿಗೆ ಹೊರಗೆ ಬರುತ್ತಿತ್ತು. ಇವನ ಮೊಣಕಾಲಿಗೆ ಐಸು, ಬಟ್ಟೆಪಟ್ಟಿ, ಮತ್ತು ಹಲ್ಲು ಕಚ್ಚಿಕೊಂಡು ಮಲಗುವುದು. ಈ ಏರ್ಪಾಡು ಅಣ್ಣ-ತಂಗಿಗೆ ಮಾತ್ರ ಗೊತ್ತು. ಪ್ರೀತಮ್ ಶಾಲೆಗೆ ಹೋಗುವಾಗ ಶುರುವಾದದ್ದು, ಅವನು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ಡಿಸೈನ್ ಮಾಡುವ ಗಂಡಸಾದ ಮೇಲೂ ನಿಂತಿರಲಿಲ್ಲ.

ಜೇಬಿನಲ್ಲಿ ಫೋನು ಗುರುಗುಟ್ಟಿತು. ಡಾಕ್ಟರ್ ಸ್ನೇಹಲ್. ನಾಳೆ ಬೆಳಿಗ್ಗೆ ಹತ್ತರೊಳಗೆ ಹೌದೋ ಅಲ್ಲವೋ ಹೇಳಿಬಿಡಿ, ಅದರ ಮೇಲೆ ಜಾಗ ಹಿಡಿದಿಡಲು ಆಗುವುದಿಲ್ಲ ಎಂದರು. ಕೊರಗಪ್ಪ "ಹಾಂ ಜೀ, ಹಾಂ ಜೀ" ಎಂದು ಫೋನು ಇಟ್ಟ.

ಇದಕ್ಕೆಲ್ಲ ಕಾರಣ ಪ್ರೀತಮನೇ. ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಜೀನ್ ಥೆರಪಿಯ ಪ್ರಯೋಗಕ್ಕೆ ಜನ ಹುಡುಕುತ್ತಿದ್ದಾರೆಂದು ಫೋನಿನಲ್ಲಿ ಓದಿ ಅವನು ಕುಣಿದಾಡಿದ್ದ. ಒಂದೇ ಒಂದು ಡ್ರಿಪ್, ಆಮೇಲೆ ಮೈಯೇ ಫ್ಯಾಕ್ಟರ್ ತಯಾರಿಸಿಕೊಳ್ಳುತ್ತದಂತೆ! ಕೊರಗಪ್ಪ ಹೋದದ್ದು ಬರೀ ಜೊತೆಗೆ. "ನಿಮ್ಮದೂ ಅದೇ ಕಾಯಿಲೆಯಲ್ಲವೇ? ನೀವೂ ರಕ್ತ ಕೊಟ್ಟುಹೋಗಿ," ಎಂದು ಡಾಕ್ಟರ್ ಹೇಳಿದಾಗ, ಮರ್ಯಾದೆಗೆ ತೋಳು ಚಾಚಿದ. ಹಿಂದೆಲ್ಲಾ ಹಾಕಿಸಿಕೊಂಡ ಕಂಡವರ ರಕ್ತದಿಂದ ಅವನಿಗೆ ಒಮ್ಮೆ ಕಾಮಾಲೆ ಬಂದಿತ್ತು. ಮಾತ್ರೆ ತಿಂದು ವಾಸಿಯಾಗಿದ್ದರೂ ಅಂಥ ಲಿವರನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದ.

ಆದದ್ದು ತಿರುಗಾಮುರುಗಾ. ರೋಗ ತೆಗೆದು ಖಾಲಿ ಮಾಡಿದ ಒಂದು ವೈರಸ್ಸಿನೊಳಗೆ ಸರಿಯಾದ ಜೀನು ತುಂಬಿ ಲಿವರಿಗೆ ಕಳಿಸುತ್ತಾರೆ. ಊಟದ ಡಬ್ಬ ಕಳಿಸಿದ ಹಾಗೆ ಎಂದು ಡಾಕ್ಟರ್ ಇಬ್ಬರಿಗೂ ಬಿಡಿಸಿ ಹೇಳಿದ್ದರು. ಆದರೆ ಅದೇ ಜಾತಿಯ ವೈರಸ್ಸು ಹಿಂದೊಮ್ಮೆ ಮೈಗೆ ಬಂದುಹೋಗಿದ್ದರೆ, ಮೈ ಆ ಡಬ್ಬದ ಗುರುತು ಹಿಡಿದು ಬಾಗಿಲಿನಲ್ಲೇ ಹೊಡೆದುಹಾಕುತ್ತದೆ. ಪ್ರೀತಮನಿಗೆ ಎಳವೆಯಲ್ಲಿ ಯಾವಾಗಲೋ ಬಂದುಹೋಗಿತ್ತಂತೆ. ಯಾರ ಗಮನಕ್ಕೂ ಬಾರದ ವೈರಸ್ಸಂತೆ. ಅವನನ್ನು ಬೇಡವೆಂದರು. ಕೊರಗಪ್ಪನ ರಕ್ತದಲ್ಲಿ ಅದರ ಸುಳಿವೇ ಇರಲಿಲ್ಲ, ಲಿವರೂ ಗಟ್ಟಿಯಾಗಿತ್ತು.

ಪ್ರೀತಮನ ಸುದ್ದಿ ಕೇಳಿದಂದಿನಿಂದ ವಿನೋದಿನಿಗೆ ಒಂದೇ ಚಿಂತೆ. "ಯಾವ ಶೀತ ಅದು ಅಣ್ಣ? ಆ ವರ್ಷ ಅಂಧೇರಿಯಲ್ಲಿ ನೀರು ತುಂಬಿದಾಗ ಅವನನ್ನು ಎತ್ತಿಕೊಂಡು ನಡೆದೆನಲ್ಲ, ಆವಾಗ ಹಿಡಿಯಿತಾ?" ಊರಿನ ದೈವ ಕೊರಗಜ್ಜನಿಗೆ ಚಕ್ಕುಲಿ-ವೀಳ್ಯ ಇಡುತ್ತೇನೆಂದು ಹರಕೆಯನ್ನೂ ಹೊತ್ತಳು, ಪಾಪ. ಅಂಥವಳ ಎದುರು, ನನ್ನನ್ನು ತೆಗೆದುಕೊಂಡಿದ್ದಾರೆ ಎಂದು ಕೊರಗಪ್ಪ ಹೇಗೆ ಹೇಳಬೇಕು? ಹೇಳಲಿಲ್ಲ. ಒಂದು ವಾರವಾಯಿತು, ಮುಚ್ಚಿಟ್ಟುಕೊಂಡೇ ಗಲ್ಲಾಕ್ಕೂ ಫ್ರಿಜ್ಜಿಗೂ ತಿರುಗುತ್ತಿದ್ದ. ಯಾಕೆಂದರೆ ಅವನಿಗೆ ಅದು ಬೇಕಿತ್ತು. ಬಸ್ಸು ಬ್ರೇಕು ಹಾಕಿದರೆ ಜೀವ ಬಾಯಿಗೆ ಬರದ ಒಂದು ದಿನ ಬೇಕಿತ್ತು. ಹಾಗೆ ಅನ್ನಿಸಿದಾಗೆಲ್ಲ ಅವನಿಗೆ ಮೈಯೆಲ್ಲ ನಾಚಿಕೆಯಾಗುತ್ತಿತ್ತು.

ಊಟದ ಗಿರಾಕಿಗಳು ಕರಗುವ ಹೊತ್ತಿಗೆ ಅವನು ಒಂದು ನಿರ್ಧಾರಕ್ಕೆ ಬಂದ. ಗಲ್ಲಾಕ್ಕೆ ಮಾಲಕರನ್ನೇ ಕೂರಿಸಿ, ಟ್ಯಾಕ್ಸಿ ಹಿಡಿದು ನೇರ ಆಸ್ಪತ್ರೆಗೆ ಹೋದ.

ಡಾಕ್ಟರ್ ಸ್ನೇಹಲ್ ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವರು. ಇಬ್ಬರ ಮಾತೂ ಹಿಂದಿಯಲ್ಲೇ. ಅವರದು ಮರಾಠಿ ಬೆರೆತ ಹಿಂದಿ, ಇವನದು ಹೋಟೆಲಿನ ಹಿಂದಿ.

"ಡಾಕ್ಟರ್ ಸಾಹೇಬ್, ನನ್ನ ಜಾಗವನ್ನು ನನ್ನ ಅಳಿಯನಿಗೆ ಕೊಟ್ಟುಬಿಡಿ," ಎಂದ ಕೊರಗಪ್ಪ, ಕೂರುವ ಮೊದಲೇ. "ನಾನಾಗಿಯೇ ಬಿಟ್ಟುಕೊಡುತ್ತೇನೆ. ಸಹಿ ಬೇಕಾದರೆ ಸಹಿ ಹಾಕುತ್ತೇನೆ."

ಡಾಕ್ಟರ್ ನಗಲಿಲ್ಲ, ಅದೊಂದು ಪುಣ್ಯ.

"ಇದು ಲೋಕಲ್ ರೈಲಿನ ಸೀಟು ಅಲ್ಲ ಕೊರಗಪ್ಪಜೀ, ಎದ್ದು ಕೊಡುವುದಕ್ಕೆ. ನೀವು ಬರದಿದ್ದರೆ ಬೇರೆ ಯಾರಿಗೋ ಹೋಗುತ್ತದೆ. ಪ್ರೀತಮನಿಗೆ ಕೊಟ್ಟರೆ ಕೆಲಸವೂ ಮಾಡುವುದಿಲ್ಲ, ಅಪಾಯವೂ ಆಗಬಹುದು."

ಎಲ್ಲವನ್ನೂ ಹಾಗೆಯೇ ಬಿಟ್ಟುಕೊಡುತ್ತ ಬಂದವನಿಗೆ, ಕೊಡಲಾಗದ್ದೊಂದು ಇದೆ ಎಂಬುದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕುರ್ಚಿ ಎಳೆದುಕೊಂಡು ಕೂತ.

"ಇದರಿಂದ ಪೂರ್ತಿ ವಾಸಿಯಾಗುತ್ತದಾ?"

"ಆಗುತ್ತದೆ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ," ಎಂದರು ಡಾಕ್ಟರ್. "ಇಂಥ ಚಿಕಿತ್ಸೆ ಪಡೆದ ಕೆಲವರಿಗೆ ವರ್ಷಗಟ್ಟಲೆ ಸೂಜಿ ಬೇಕಾಗಿಲ್ಲ. ಇನ್ನು ಕೆಲವರಿಗೆ ಮೊದಲು ಚೆನ್ನಾಗಿ ಏರಿ ಮೆಲ್ಲಗೆ ಇಳಿದುಹೋಗಿದೆ. ಲಿವರ್ ಮುನಿಸಿಕೊಂಡರೆ ತಿಂಗಳುಗಟ್ಟಲೆ ಸ್ಟಿರಾಯ್ಡ್ ತಿನ್ನಬೇಕು. ಇಪ್ಪತ್ತು ವರ್ಷದ ಮೇಲೆ ಏನಾಗುತ್ತದೆ ಅಂತ ಖಂಡಿತವಾಗಿ ಹೇಳುವವರು ಇನ್ನೂ ಯಾರೂ ಇಲ್ಲ. ಮತ್ತೆ ಇದು ಒಂದೇ ಸಲ. ಆಮೇಲೆ ನಿಮ್ಮ ಮೈಯೂ ಡಬ್ಬದ ಗುರುತು ಹಿಡಿದಿರುತ್ತದೆ; ಮುಂದೆ ಇದಕ್ಕಿಂತ ಒಳ್ಳೆಯದು ಬಂದರೂ ನಿಮಗೆ ಸಿಗದೇ ಹೋಗಬಹುದು."

"ಈ ಮೊಣಕಾಲು?"

"ಹಾಳಾದದ್ದು ಹಾಳಾಯಿತು. ರಕ್ತ ನಿಲ್ಲುವ ಹಾಗಾದರೆ ಮುಂದೆ ಆಪರೇಷನ್ ಬಗ್ಗೆ ಯೋಚಿಸಬಹುದು."

ಕೊರಗಪ್ಪ ಒಂದು ಮಾತು ಕೇಳಲೋ ಬೇಡವೋ ಎಂದು ಕರ್ಚೀಫು ಹಿಂಡಿದ. "ಆಮೇಲೆ ನನ್ನ ಹೆಸರಿನಲ್ಲಿ ಫ್ಯಾಕ್ಟರ್ ಕೊಡುತ್ತಾರಾ?"

"ಅದು ಕೆಲಸ ಮಾಡಿದರೆ ನಿಮಗೆ ಯಾಕೆ ಬೇಕು ಫ್ಯಾಕ್ಟರ್?"

ಕೊರಗಪ್ಪ ನಮಸ್ಕಾರ ಮಾಡಿ ಎದ್ದ.

ಹೋಟೆಲಿಗೆ ವಾಪಸು ಬಂದಾಗ ವಿನೋದಿನಿಯ ಫೋನು. ಪ್ರೀತಮ್ ಬೆಳಿಗ್ಗೆ ಮೊಣಕೈ ಬಿಗಿ ಎಂದನಂತೆ, ಬರುವಾಗ ಪೆಟ್ಟಿಗೆ ತಾ ಎಂದಳು. ಖಂಡಪ್ಪ ಖಾಲಿ ಹಾಲಿನ ಪ್ಯಾಕೆಟ್ಟಿಗೆ ಐಸು ತುಂಬಿ, ಕೊರಗಪ್ಪ ತೆಗೆದ ಸ್ಟೀಲ್ ಡಬ್ಬಿಯ ಜೊತೆ ಚೀಲದಲ್ಲಿಟ್ಟು ಕೊಟ್ಟ. "ಮಾರಿ ಬಾಡೇತ್ರಿ ಕೊರಗಪ್ಪಣ್ಣ. ಏನಾಗೇತಿ?" ಎಂದು ಈ ಸಲ ಮೆಲ್ಲಗೆ ಕೇಳಿದ. ಕೊರಗಪ್ಪ ತಲೆಯಾಡಿಸಿ ಹೊರಟ.

ಸಂಜೆಯ ಲೋಕಲಿನಲ್ಲಿ ಅಂಗವಿಕಲರ ಡಬ್ಬಿಯೂ ತುಂಬಿ ತುಳುಕುತ್ತಿತ್ತು. ಕೈಕಾಲು ನೆಟ್ಟಗಿದ್ದ ನಾಲ್ಕು ಜನ ಸೀಟು ಹಿಡಿದು ಮೊಬೈಲು ನೋಡುತ್ತಿದ್ದರು. ಬೇರೆ ದಿನವಾಗಿದ್ದರೆ ಕೊರಗಪ್ಪ ಜಗಳ ತೆಗೆದು ಎಬ್ಬಿಸುತ್ತಿದ್ದ, ಆ ವಿಷಯದಲ್ಲಿ ಅವನ ಬಾಯಿ ಭಾರಿ ಜೋರು. ಇವತ್ತು ಕಂಬ ಹಿಡಿದು ನಿಂತ. ಒಮ್ಮೆ ಹೌದು ಎನ್ನಬೇಕು ಅನ್ನಿಸಿತು. ದಾದರ್ ಬರುವಷ್ಟರಲ್ಲಿ ಬೇಡ ಎಂದಾಯಿತು. ಸಾಂತಾಕ್ರೂಜಿನ ಹತ್ತಿರ, ಎಷ್ಟೋ ವರ್ಷ ಹಾಳಾದದ್ದನ್ನೇ ಹೊತ್ತವನು ಇನ್ನೂ ಸ್ವಲ್ಪ ದಿನ ಹೊತ್ತರೆ ಏನು ಮಹಾ ಎಂದುಕೊಂಡ. ಕೂಡಲೇ ಸಿಟ್ಟು ಬಂತು, ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ. ಗಾಡಿ ಅಂಧೇರಿ ಬಿಟ್ಟಾಗ ಮೊಣಕಾಲಿನೊಳಗೆ ಇರುವೆ ಹರಿದಂತಾಯಿತು. ಅವನಿಗೆ ಆ ಇರುವೆಗಳ ಪರಿಚಯ ಇತ್ತು. ಒಳಗೆ ಸೋರಲು ಶುರುವಾಗಿದೆ. ಜೋಗೇಶ್ವರಿಯಲ್ಲಿ ಇಳಿದು ಸೇತುವೆಯ ಮೆಟ್ಟಿಲನ್ನು ಕಂಬಿ ಹಿಡಿದು ಒಂದೊಂದಾಗಿ ಹತ್ತಿದ. ಚೀಲದ ಐಸು ತಾಗಿ ತೊಡೆ ತಣ್ಣಗಾಗುತ್ತಿತ್ತು. ಒಳಗಿದ್ದ ಫ್ಯಾಕ್ಟರನ್ನು ತಾನೇ ಚುಚ್ಚಿಕೊಳ್ಳಬಹುದು ಎಂಬ ಯೋಚನೆ ಕೂಡ ಬರಲಿಲ್ಲ, ಅಷ್ಟು ಅಭ್ಯಾಸವಾಗಿತ್ತು.

ವಿನೋದಿನಿ ಬಂಗುಡೆ ಹುರಿಯುತ್ತಿದ್ದಳು. "ಪೆಟ್ಟಿಗೆ ತಂದ್ಯಾ ಅಣ್ಣ?" ಎಂದಳು, ತಿರುಗುವ ಮೊದಲೇ.

"ಉಂಟು. ಅವನು ಹೇಗಿದ್ದಾನೆ?"

"ಫೋನು ಮಾಡಿದ್ರೆ ಏನಿಲ್ಲ ಅಂತಾನೆ. ಅವನನ್ನು ನಂಬ್ಲಿಕ್ಕುಂಟಾ? ಈಗ ಬರ್ತಾನೆ." ಪೆಟ್ಟಿಗೆಯನ್ನು ಸೆರಗಿನಲ್ಲಿ ಒರೆಸಿ ಫ್ರಿಜ್ಜಿನಲ್ಲಿಟ್ಟಳು.

ಕೊರಗಪ್ಪ ಕಾಲು ಚಾಚಿ ಮಂಚದ ಮೇಲೆ ಕೂತ. ಇನ್ನು ತಡೆದುಕೊಳ್ಳಲು ಆಗಲಿಲ್ಲ.

"ವಿನೋದಿನೀ, ಆ ಡಾಕ್ಟ್ರು ನನ್ನನ್ನು ತಕ್ಕೊಂಡಿದ್ದಾರೆ."

"ಎಲ್ಲಿಗೆ?"

"ಅದಕ್ಕೇ. ಪ್ರೀತಮನಿಗೆ ಆಗುದಿಲ್ಲ ಅಂದ್ರಲ್ಲ, ಅದಕ್ಕೆ. ನಾಳೆ ಹೇಳ್ಬೇಕು."

ಅವಳು ಕಾವಲಿಯ ಮೀನನ್ನೇ ನೋಡುತ್ತ ನಿಂತಳು. ಮೀನು ಒಂದು ಬದಿ ಕಪ್ಪಾಗುತ್ತ ಬಂತು. "ಒಳ್ಳೆದಾಯ್ತಲ್ಲ," ಎಂದಳು. ಸಟ್ಟುಗ ಕೈಗೆತ್ತಿಕೊಂಡು, "ಮತ್ತೆ ನಿನ್ನ ಲೆಕ್ಕದ ಪೆಟ್ಟಿಗೆ ಸಿಗ್ಲಿಕ್ಕಿಲ್ಲ, ಅಲ್ವಾ?" ಎಂದಳು.

ಅಂದುಬಿಟ್ಟ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ, ನಾನು ಎಂಥ ಹೆಂಗಸು! ಬಾಯಲ್ಲಿ ಎಂತ ಬಂತು ನೋಡು..."

"ಬಿಡು ಮಾರಾಯ್ತಿ. ನಾನೂ ಡಾಕ್ಟ್ರ ಹತ್ರ ಅದನ್ನೇ ಕೇಳಿದ್ದು," ಎಂದ ಕೊರಗಪ್ಪ. "ಬೇಡ ಅಂತ ಹೇಳ್ತೇನೆ ನಾಳೆ. ಅದು ಗ್ಯಾರಂಟಿ ಇಲ್ಲದ ವಿಷಯ. ನನ್ನ ಕಾಲು ಹೇಗೂ ಹೋಗಿ ಆಯ್ತು."

ಹಾಗೆ ಹೇಳಬೇಡ ಅಣ್ಣ ಎಂದು ಅವಳು ಅಂದಾಳು ಎಂದು ಅವನು ಕಾದ. ಅವಳು ಗ್ಯಾಸು ಸಣ್ಣ ಮಾಡಿ, ಕರಕಲಾದ ಮೀನನ್ನು ಮಗುಚಿ ಹಾಕಿದಳು. ಮೊಣಕಾಲಿನ ನೋವಿಗಿಂತ ಅದು ಹೆಚ್ಚು ನೋಯಿತು. ಅವಳ ಮೇಲೆ ಕೋಪ ಮಾಡಿಕೊಳ್ಳಲೂ ಅವನಿಗೆ ಮನಸ್ಸಾಗಲಿಲ್ಲ.

"ಕ್ಯಾ ಬೇಡ?"

ಪ್ರೀತಮ್ ಬಾಗಿಲಲ್ಲಿ ನಿಂತಿದ್ದ. ಹೆಗಲಲ್ಲಿ ಚೀಲ, ಅಂಗಿಯ ಮೇಲೆ ಫ್ಲೆಕ್ಸಿನ ಶಾಯಿ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ನಿನ್ನ ಮೊಣಕೈ ಹೇಗುಂಟು?" ಎಂದು ಕೇಳಿದಳು ವಿನೋದಿನಿ.

"ಏನೂ ಆಗಿಲ್ಲ. ಮೌಸ್ ಹಿಡ್ದು ಹಿಡ್ದು ಬಿಗಿ ಆಗಿತ್ತು, ಬಸ್." ತೋಳು ಚಾಚಿ, ಮಡಚಿ ತೋರಿಸಿದ. ಅವನ ಕಣ್ಣು ಕೊರಗಪ್ಪನ ಕಾಲಿನ ಮೇಲೆ ಇತ್ತು. "ಪ್ಯಾಂಟ್ ಮೇಲೆ ಮಾಡು ಮಾಮ."

"ಎಂತ ಇಲ್ಲ. ನಿಂತು ಬಂದೆ, ಅಷ್ಟೇ."

"ಝೂಟ್ ಮತ್ ಬೋಲ್." ಅವನೇ ಬಾಗಿ ಪ್ಯಾಂಟು ಮೇಲೆ ಸರಿಸಿದ. ಮೊಣಕಾಲು ಊದಿ, ಚರ್ಮ ಬಿಗಿದು ಮಿರುಗುತ್ತಿತ್ತು. ಪ್ರೀತಮ್ ಎದ್ದು ನೇರ ಫ್ರಿಜ್ಜಿನ ಹತ್ತಿರ ಹೋಗಿ ಪೆಟ್ಟಿಗೆ ತೆಗೆದ.

"ಏ, ಅದು ನಿನ್ನದು!" ಕೊರಗಪ್ಪ ಕೂಗಿಯೇಬಿಟ್ಟ.

"ಕಿಸನೇ ಬೋಲಾ? ಆಸ್ಪತ್ರೆಯವರು ನಿಂಗೆ ಕೊಟ್ಟಿದ್ದು." ಅವನ ಕನ್ನಡ ಎಡವುತ್ತ ಬಂತು. "ನಂಗೆ ಗೊತ್ತಿಲ್ಲ ಅಂತ ಮಾಡಿದ್ರಾ ನೀವಿಬ್ರು? ನಂದು ಕೈ ಸೀದಾ ಉಂಟು. ನಿಂದು ಕಾಲು ಟೇಢಾ. ಒಂದೇ ಬೀಮಾರಿ, ಒಂದೇ ಆಸ್ಪತ್ರೆ. ಸ್ಕೂಲ್ ಟೈಮಿಂದ ನೋಡ್ತಾ ಇದ್ದೇನೆ ನಾನು, ಅಂಧಾ ಅಲ್ಲ."

ಮನೆಯೊಳಗೆ ಬಂಗುಡೆಯ ಹೊಗೆ ತುಂಬಿತ್ತು. ವಿನೋದಿನಿ ಗ್ಯಾಸು ಆರಿಸಿದಳು.

"ಗೊತ್ತಿದ್ದೂ ಮತ್ತೆ ಯಾಕೆ ಸುಮ್ಮನಿದ್ದೆ?" ಎಂದ ಕೊರಗಪ್ಪ.

ಪ್ರೀತಮ್ ನೀರಿನ ಬಾಟಲಿಯಿಂದ ಸಿರಿಂಜಿಗೆ ನೀರೆಳೆದು ಪುಡಿಯ ಬಾಟಲಿಗೆ ಬಿಟ್ಟ. ಅಲುಗಾಡಿಸಬಾರದು, ಅಂಗೈಯಲ್ಲಿ ಮೆಲ್ಲಗೆ ಹೊರಳಿಸಬೇಕು. ಅದನ್ನು ಅವನಿಗೆ ಕಲಿಸಿದ್ದೇ ಕೊರಗಪ್ಪ. "ಡರ್ ಲಗತಾ ಥಾ," ಎಂದ ಕೊನೆಗೆ. "ಹೇಳಿದ್ರೆ ಸಿಗಲ್ಲ ಅಂತ ಹೆದ್ರಿಕೆ. ನಂಗೂ ಬೇಕಿತ್ತು, ಅದಕ್ಕೆ."

ಅವನ ಕಿವಿ ಕೆಂಪಾಗಿತ್ತು. ಕೊರಗಪ್ಪನಿಗೆ ಆ ಕೆಂಪಿನ ಅರ್ಥ ಚೆನ್ನಾಗಿ ಗೊತ್ತಿತ್ತು, ಈ ವಾರವಿಡೀ ಅವನ ಮೈಯಲ್ಲೂ ಅದೇ ಇತ್ತು.

"ನೀನು ನಾಳೆ ಹಾಂ ಬೋಲ್ ದೇ. ನಂಗೋಸ್ಕರ ಬೇಡ ಅಂತ ಬೋಲಾ ತೋ ನಾನು ನಿನ್ನ ಹತ್ರ ಮಾತಾಡಲ್ಲ. ಸಚ್." ಪ್ರೀತಮ್ ಸೂಜಿಯ ತುದಿ ನೋಡಿದ. "ಬೇರೆ ಥರದ ಡಬ್ಬ ಮುಂದೆ ಬರಬಹುದು ಅಂದ್ರು ಡಾಕ್ಟರ್. ನಂಗೆ ಆಗೋದು. ಬರಬಹುದು, ಬರದೇನೂ ಇರಬಹುದು. ಅಲ್ಲಿವರೆಗೆ ನಾನು ಸ್ಟಾಕ್ ಇಲ್ಲ ಅಂದ್ರೆ ಜಗಳ ಮಾಡಿ ತರ್ತೇನೆ. ನಿನ್ನ ಕಾಲಿಂದ ಅಲ್ಲ."

"ನಿನಗೆ ಬೇಜಾರಿಲ್ವಾ?"

"ಉಂಟು. ಬಾಗಿಲಲ್ಲಿ ಕೇಳಿದಾಗ ಬಹುತ್ ಗುಸ್ಸಾ ಬಂತು. ಇನ್ನೂ ಉಂಟು. ಕೈ ಕೊಡು."

ಗೋಡೆಯ ಮೊಳೆಗೆ ತೋಳಿಗೆ ಬಿಗಿಯುವ ರಬ್ಬರು ಪಟ್ಟಿ ತೂಗುತ್ತಿತ್ತು. ವಿನೋದಿನಿ ಅದನ್ನು ತೆಗೆದುಕೊಂಡು ಬಂದಳು. ಇಷ್ಟು ವರ್ಷ ಅದನ್ನು ತೆಗೆದವಳು ಮಗನ ತೋಳಿನ ಕಡೆಗೇ ಹೋದದ್ದು. ಈಗಲೂ ಕೈ ಅತ್ತಲೇ ಒಂದಿಷ್ಟು ಸರಿಯಿತು. ಆಮೇಲೆ ನೆಲದ ಮೇಲೆ ಮಂಡಿಯೂರಿ ಕೂತು, ಅಣ್ಣನ ಅಂಗಿಯ ತೋಳನ್ನು ಮಡಚಿ, ಪಟ್ಟಿ ಸುತ್ತಿ ಎಳೆದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಬಿಗಿ ಹೆಚ್ಚಾಯ್ತಾ ಅಣ್ಣ? ನೋಯ್ತಾ ಉಂಟಾ?"

ಆ ಮನೆಯಲ್ಲಿ ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿದ್ದಿಲ್ಲ. ಕೇಳಿದರೆ ಏನು ಹೇಳಬೇಕು ಎಂದೂ ಅವನಿಗೆ ಅಭ್ಯಾಸವಿರಲಿಲ್ಲ. "ನೋಯ್ತದೆ," ಎಂದ. "ಭಾರಿ ನೋಯ್ತದೆ ವಿನೋದಿನೀ."

ಪ್ರೀತಮ್ ತೋಳನ್ನು ಎರಡು ಬೆರಳಿನಿಂದ ತಟ್ಟಿ ನರ ಹುಡುಕಿದ. ಸೂಜಿ ಒಂದೇ ಸಲಕ್ಕೆ ಸರಿಯಾಗಿ ಹೋಯಿತು, ವಿನೋದಿನಿ ಪಟ್ಟಿ ಬಿಚ್ಚಿದಳು. ಪುಡಿ ಕರಗಿದ ತಿಳಿ ನೀರು ಮೆಲ್ಲಗೆ ಒಳಗಿಳಿಯಿತು. ಹೊರಗೆ ಚಾಳಿನ ನಳದ ಹತ್ತಿರ ಯಾರೋ ಯಾರನ್ನೋ ಮರಾಠಿಯಲ್ಲಿ ಬೈಯುತ್ತಿದ್ದರು.

"ಹತ್ತು ಗಂಟೆಗೆ ಮೊದಲು ಫೋನು ಮಾಡ್ಬೇಕು," ಎಂದ ಕೊರಗಪ್ಪ.

"ಒಂಬತ್ತಕ್ಕೇ ಮಾಡು," ಎಂದಳು ವಿನೋದಿನಿ, ಪಟ್ಟಿಯನ್ನು ಮೊಳೆಗೆ ಹಾಕುತ್ತ. "ಡಾಕ್ಟ್ರು ಕರೆದ ದಿನ ನಾನೂ ಬರ್ತೇನೆ ಆಸ್ಪತ್ರೆಗೆ. ಒಬ್ಬನೇ ಹೋಗ್ಬೇಡ."

ಪ್ರೀತಮ್ ಸೂಜಿ ತೆಗೆದು, ಹತ್ತಿ ಇಟ್ಟು, ಅದರ ಮೇಲೆ ಹೆಬ್ಬೆರಳು ಒತ್ತಿದ. ಅವರಿಬ್ಬರ ಮೈಗೆ ಅದನ್ನು ಬೇಗ ಬಿಡುವಂತಿಲ್ಲ, ತುಂಬ ಹೊತ್ತು ಒತ್ತಬೇಕು. ವಿನೋದಿನಿ ಅನ್ನ ಬಡಿಸಿ, ಕರಕಲಾಗದ ಮೀನನ್ನು ಆರಿಸಿ ಅಣ್ಣನ ತಟ್ಟೆಗೆ ಹಾಕಿದಳು.

"ಸಾಕು, ಬಿಡು. ಊಟ ಮಾಡು ನೀನು," ಎಂದ ಕೊರಗಪ್ಪ.

ಪ್ರೀತಮ್ ಹೆಬ್ಬೆರಳು ತೆಗೆಯಲಿಲ್ಲ.